ಕೈಗೂಸಿನ ಜೊತೆ ಥೀಮ್ ಪಾರ್ಕ್: ಟಿಕೆಟ್ ದುಡ್ಡು ವಸೂಲಾಗಬೇಕಾ, ಹೀಗೆ ಲೆಕ್ಕ ಹಾಕಿ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ಮಗು ಮಲಗಿಸಿ ಸದ್ದಿಲ್ಲದೆ ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆ ಮುಖ್ಯವಾಗಿ ಆ ಕೊನೇ ಗುಂಪಿಗೆ.

ವಿಷಯ ಏನಂದ್ರೆ, ಮನೇಲಿ ಒಂದು ವರ್ಷದೊಳಗಿನ ಕೂಸಿದೆ. ದೊಡ್ಡ ಮಗ ಅಥವಾ ಮಗಳು ರಜೆ ಬಂತು ಅಂದ ಕೂಡಲೇ "ವಂಡರ್‌ಲಾ, ವಂಡರ್‌ಲಾ" ಅಂತ ಪ್ರಾಣ ತಿಂತಾರೆ. ಕೈಯಲ್ಲಿರೋ ದುಡ್ಡು ಲೆಕ್ಕದ್ದು. ಹೋಗೋದಾ, ಬೇಡ್ವಾ? ಹೋದ್ರೆ ಹೇಗೆ?

ಮೊದಲು ನಮ್ಮನೆ ಕಥೆ ಹೇಳ್ತೀನಿ. ಯಾಕಂದ್ರೆ ಇದನ್ನ ಒಂದ್ಸಲ ತಪ್ಪಾಗಿ ಮಾಡಿದ ಮೇಲೇ ನಾನು ಸರಿಯಾಗಿ ಕಲ್ತಿದ್ದು.

ಮೊದಲ ಸಲ ಏನಾಯ್ತು

ನಮ್ಮದು ದಾವಣಗೆರೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಅಕ್ಕ, ಭಾವ, ಅಮ್ಮ, ನಾನು, ಅಕ್ಕನ ಏಳು ವರ್ಷದ ಮಗ, ಆಮೇಲೆ ಅವಳ ಐದು ತಿಂಗಳ ಕೂಸು, ಇಷ್ಟು ಜನ ಒಂದು ಪಾರ್ಕಿಗೆ ಹೋದ್ವಿ. ಯಾವ ಪಾರ್ಕು ಅನ್ನೋದು ಬೇಡ, ತಪ್ಪು ಪಾರ್ಕಿನದ್ದಲ್ಲ, ನಮ್ಮದೇ. ಭಾನುವಾರ ಬೇರೆ.

ಭಾವ, ನಾನು, ಹುಡುಗ ಮೂರೂ ಜನ ಓಡಿ ಓಡಿ ಆಟ ಆಡಿದ್ವಿ. ಅಕ್ಕ ಕೂಸಿನ ಜೊತೆ ಬೆಂಚ್ ಮೇಲೆ. ಅಮ್ಮ ಅಕ್ಕನ ಪಕ್ಕ, ಬ್ಯಾಗುಗಳ ಕಾವಲಿಗೆ. "ಇನ್ನೊಂದೇ ಒಂದು, ಬಂದ್ಬಿಟ್ವಿ" ಅಂತ ಹೇಳಿ ಹೋದವರು ಮುಕ್ಕಾಲು ಗಂಟೆ ಬಿಟ್ಟು ಬರೋದು. ಮೂರು ಗಂಟೆ ಹೊತ್ತಿಗೆ ಅಕ್ಕ ಫೋನ್ ಮಾಡಿ, "ಇವಳು ಹಾಲು ಕುಡೀತಿಲ್ಲ, ಮುಖ ಕೆಂಪಗಾಗಿದೆ, ಹನ್ನೊಂದು ಗಂಟೆಯಿಂದ ಡೈಪರ್ ಒದ್ದೆನೇ ಆಗಿಲ್ಲ" ಅಂದಳು. ನಾವು ಆಗ ಏನು ಹೇಳಿದ್ವಿ ಗೊತ್ತಾ? "ಇನ್ನು ಎರಡು ರೈಡ್ ಬಾಕಿ ಇದೆ, ಅಷ್ಟು ದುಡ್ಡು ಕೊಟ್ಟಿದ್ದೀವಲ್ಲ, ಮುಗಿಸ್ಕೊಂಡು ಬರ್ತೀವಿ."

ಅಕ್ಕ ನಮ್ಮನ್ನ ಕಾಯಲಿಲ್ಲ. ಕೂಸನ್ನ ಎತ್ಕೊಂಡು ಎಸಿ ಇದ್ದ ಹೋಟೆಲ್ ಒಳಗೆ ಹೋಗಿ, ಬಟ್ಟೆ ಸಡಿಲ ಮಾಡಿ, ಒದ್ದೆ ಬಟ್ಟೇಲಿ ಮೈ ಒರೆಸಿ, ಮತ್ತೆ ಮತ್ತೆ ಹಾಲು ಕೊಟ್ಟಳು. ಒಂದು ಗಂಟೆ ಆದಮೇಲೆ ಡೈಪರ್ ಒದ್ದೆ ಆಯ್ತು. ಅಮ್ಮ ದೇವರಿಗೆ ಕೈಮುಗಿದಳು. ದೇವರ ದಯೆ, ಏನೂ ಆಗಲಿಲ್ಲ. ಆದ್ರೆ ಆ "ದುಡ್ಡು ಕೊಟ್ಟಿದ್ದೀವಲ್ಲ" ಅನ್ನೋ ಮಾತು ಇವತ್ತಿಗೂ ನನಗೆ ಚುಚ್ಚುತ್ತೆ.

ಬಿ.ಕಾಂ.ನಲ್ಲಿ ಓದಿದ್ದು, ಪಾರ್ಕಲ್ಲಿ ಮರೆತಿದ್ದು

ಕಾಮರ್ಸ್ ಓದಿದೋರಿಗೆ "ಸಂಕ್ ಕಾಸ್ಟ್" ಗೊತ್ತಿರುತ್ತೆ. ಮುಳುಗಿದ ವೆಚ್ಚ. ಈಗಾಗಲೇ ಖರ್ಚಾಗಿ, ಏನು ಮಾಡಿದ್ರೂ ವಾಪಸ್ ಬರದ ದುಡ್ಡು. ಮುಂದಿನ ನಿರ್ಧಾರ ಮಾಡೋವಾಗ ಅದನ್ನ ಲೆಕ್ಕಕ್ಕೆ ಹಿಡೀಬಾರದು ಅಂತ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡವಳು ನಾನು. ಗೇಟ್ ಒಳಗೆ ಕಾಲಿಟ್ಟ ಕ್ಷಣಕ್ಕೆ ಟಿಕೆಟ್ ದುಡ್ಡು ಮುಳುಗಿತು. ನಾಲ್ಕು ಗಂಟೆಗೆ ಹೊರಟರೂ ಅಷ್ಟೇ, ಆರು ಗಂಟೆಗೆ ಹೊರಟರೂ ಅಷ್ಟೇ. ಕೂಸು ಸುಸ್ತಾದಾಗ ಉಳಿಯೋ ಪ್ರಶ್ನೆ ಒಂದೇ: ಮುಂದಿನ ಎರಡು ಗಂಟೆ ಇಲ್ಲಿದ್ರೆ ಒಳ್ಳೇದಾ, ಹೊರಟರೆ ಒಳ್ಳೇದಾ?

ಇನ್ನೊಂದು ಲೆಕ್ಕನೂ ಇದೆ. ಸುಲಭ ಆಗ್ಲಿ ಅಂತ ದೊಡ್ಡವರ ಟಿಕೆಟ್ 1,300, ಚಿಕ್ಕವರದ್ದು 1,000 ರೂಪಾಯಿ ಅಂತ ಇಟ್ಕೊಳ್ಳಿ. ಇದು ಉದಾಹರಣೆ ಅಷ್ಟೇ, ನಿಜವಾದ ದರ ನೀವು ಹೋಗೋ ದಿನಕ್ಕೆ ಪಾರ್ಕಿನ ವೆಬ್‌ಸೈಟ್‌ನಲ್ಲಿ ನೋಡಿ. ನಾಲ್ಕು ದೊಡ್ಡವರು, ಒಬ್ಬ ಹುಡುಗ: 6,200. ಇದರ ಮೇಲೆ ಪಾರ್ಕ್ ಪ್ರವೇಶಕ್ಕೆ 18 ಪರ್ಸೆಂಟ್ ಜಿಎಸ್‌ಟಿ, ಅಂದ್ರೆ 1,116. ಒಟ್ಟು 7,316. ಮೊಬೈಲಲ್ಲಿ ದೊಡ್ಡದಾಗಿ ಕಾಣೋ ದರ ನೋಡಿ ಬಜೆಟ್ ಮಾಡಬೇಡಿ, ತೆರಿಗೆ ಸೇರಿದ ಕೊನೇ ಮೊತ್ತ ನೋಡಿ.

ಈಗ ತೆರಿಗೆ ಸೇರಿ ಒಬ್ಬರಿಗೆ 1,534 ರೂಪಾಯಿ. ಭಾವ ಅವತ್ತು ಒಂಬತ್ತು ರೈಡ್ ಹತ್ತಿದ್ರು, ಒಂದಕ್ಕೆ ಸುಮಾರು 170 ರೂಪಾಯಿ ಬಿತ್ತು. ಅಕ್ಕ ಹತ್ತಿದ್ದು ಒಂದೇ ಒಂದು, ಮಕ್ಕಳ ಕುದುರೆ ಚಕ್ರ. 1,534 ರೂಪಾಯಿಯ ಕುದುರೆ! ಅಮ್ಮ ಅದನ್ನೂ ಹತ್ತಲಿಲ್ಲ.

ಕೂಪನ್ ಕೋಡ್ ಹುಡುಕಿ ನೂರಿನ್ನೂರು ಉಳಿಸೋಕೆ ನಾವು ರಾತ್ರಿಯೆಲ್ಲಾ ಕೂರ್ತೀವಿ. ಮನೆಯ ಹೆಂಗಸರ ಎರಡು ಪೂರ್ತಿ ಟಿಕೆಟ್ ಬೆಂಚ್ ಮೇಲೆ ಕರಗಿ ಹೋಗಿದ್ದು ಲೆಕ್ಕಕ್ಕೇ ಬರೋದಿಲ್ಲ. ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ: ಕೂಸಿರೋ ಮನೆಯವರಿಗೆ ಬಜೆಟ್ ಟ್ರಿಪ್ ಅಂದ್ರೆ ಕಡಿಮೆ ದರದ ಟಿಕೆಟ್ ಅಲ್ಲ. ಟಿಕೆಟ್ ತಗೊಂಡ ಪ್ರತಿಯೊಬ್ಬರಿಗೂ ಅದರ ಪಾಲು ಸಿಗೋ ಹಾಗೆ ದಿನವನ್ನ ಹಂಚೋದು.

ಯಾವಾಗ ಹೋಗ್ಬೇಕು

ಎರಡನೇ ಸಲ ನಾವು ಹೋಗಿದ್ದು ಬಿಡದಿ ಹತ್ತಿರದ ವಂಡರ್‌ಲಾಗೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್, 2005ರಲ್ಲಿ ಶುರುವಾದ ಪಾರ್ಕು. ಅಷ್ಟೊತ್ತಿಗೆ ಕೂಸಿಗೆ ಹತ್ತು ತಿಂಗಳು.

ಇಲ್ಲಿ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರ್‌ಗಿಂತ ಕಡಿಮೆ ಇರೋ ಮಕ್ಕಳಿಗೆ ಟಿಕೆಟ್ ಇಲ್ಲ, 85ರಿಂದ 140ರವರೆಗೆ ಚಿಕ್ಕವರ ಟಿಕೆಟ್, ಅದಕ್ಕಿಂತ ಮೇಲೆ ದೊಡ್ಡವರ ಟಿಕೆಟ್. ಸಾಮಾನ್ಯವಾಗಿ ಮಕ್ಕಳು 85 ಸೆಂಟಿಮೀಟರ್ ಮುಟ್ಟೋದು ಎರಡು ವರ್ಷದ ಆಸುಪಾಸು. ಹಾಗಾಗಿ ಮನೇಲೇ ಗೋಡೆಗೆ ನಿಲ್ಲಿಸಿ, ಪೆನ್ಸಿಲ್ ಗುರುತು ಹಾಕಿ, ಟೇಪಲ್ಲಿ ಅಳತೆ ಮಾಡ್ಕೊಂಡು ಹೋಗಿ. ಹತ್ತು ಹನ್ನೊಂದು ವರ್ಷದ ಎತ್ತರದ ಮಕ್ಕಳಿದ್ರೆ 140ರ ಗೆರೆನೂ ನೋಡಿ. ಗೇಟಲ್ಲಿ ಅಳತೆ ಮಾಡಿ "ಇವನಿಗೆ ದೊಡ್ಡವರ ಟಿಕೆಟ್" ಅಂದಾಗ ಮುಖ ಸಣ್ಣ ಮಾಡ್ಕೊಳ್ಳೋದು ತಪ್ಪುತ್ತೆ. ಬೇರೆ ಪಾರ್ಕ್‌ಗಳ ಅಳತೆ ಬೇರೆ ಇರುತ್ತೆ, ಬುಕ್ ಮಾಡೋ ಮುಂಚೆ ಓದ್ಕೊಳ್ಳಿ.

ಕೂಸಿಗೆ ಆರು ತಿಂಗಳು ತುಂಬಿಲ್ಲ ಅಂದ್ರೆ ನನ್ನ ಸಲಹೆ, ಮುಂದಕ್ಕೆ ಹಾಕಿ. ಆ ವಯಸ್ಸಿಗೆ ತಾಯಿ ಹಾಲು ಬಿಟ್ಟು ನೀರೂ ಕೊಡೋ ಹಾಗಿಲ್ಲ. ಸನ್‌ಸ್ಕ್ರೀನ್ ಕೂಡ ಆರು ತಿಂಗಳೊಳಗೆ ಹಚ್ಚಬೇಡಿ, ನೆರಳಲ್ಲೇ ಇಟ್ಕೊಳ್ಳಿ ಅಂತಾರೆ ಡಾಕ್ಟರ್‌ಗಳು. ಅಂದ್ರೆ ತಾಯಿ ಒಂದು ಗಂಟೆ ದೂರ ಹೋಗೋದೂ ಕಷ್ಟ. ನಾವು ಐದು ತಿಂಗಳ ಕೂಸನ್ನ ಏಪ್ರಿಲ್ ಬಿಸಿಲಿಗೆ ಕರ್ಕೊಂಡು ಹೋಗಿದ್ದೇ ಮೊದಲ ತಪ್ಪು. ಎಂಟು ಒಂಬತ್ತು ತಿಂಗಳು ದಾಟಿ, ಕೂತ್ಕೊಳ್ಳೋಕೆ ಕಲ್ತು, ರಾಗಿ ಸರಿ, ಬಾಳೆಹಣ್ಣು ತಿನ್ನೋ ಹೊತ್ತಿಗೆ ಸುಲಭ. ಅಲ್ಲಿಂದ 85 ಸೆಂಟಿಮೀಟರ್ ಆಗೋವರೆಗೆ ಒಂದು ವರ್ಷದ ಮೇಲೆ ಸಮಯ ಇದೆ, ಅವಸರ ಯಾಕೆ?

ದಿನ ಅಂದ್ರೆ, ವಾರದ ಮಧ್ಯೆ. ಶನಿವಾರ, ಭಾನುವಾರ ಮತ್ತು ರಜಾ ಸೀಸನ್‌ನಲ್ಲಿ ದರನೂ ಜಾಸ್ತಿ, ಸಾಲೂ ಜಾಸ್ತಿ. ನಾವು ದೊಡ್ಡ ಹುಡುಗನಿಗೆ ಒಂದು ದಿನ ಸ್ಕೂಲ್ ರಜೆ ಹಾಕಿಸಿ, ಒಂದು ಬುಧವಾರ ಹೋದ್ವಿ. ಅರ್ಧ ಗಂಟೆ ಸಾಲಿದ್ರೆ ಎರಡು ಗಂಟೇಲಿ ಆಗೋದು ಮೂರೇ ರೈಡು. ಸಾಲು ಕಮ್ಮಿ ಇದ್ರೆ ಬೇಗ ಮುಗಿಸಿ ಬೇಗ ಹೊರಡಬಹುದು. ಕೂಸಿರೋರಿಗೆ ದರದ ರಿಯಾಯಿತಿಗಿಂತ ಇದು ದೊಡ್ಡ ಲಾಭ.

ಊರಿಂದ ಪಾರ್ಕಿಗೆ

ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆಯಲ್ಲ, ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಮ್ಮ ಗುಂಪಲ್ಲಿ ಮೂರು ಜನ ಹೆಂಗಸರು, ದಾವಣಗೆರೆಯಿಂದ ಬೆಂಗಳೂರಿಗೆ ಸೊನ್ನೆ ರೂಪಾಯಿ. ಬಾಯಲ್ಲಿ ನೀರು ಬರುತ್ತೆ. ಆದ್ರೆ ರಾಜಹಂಸ, ಐರಾವತಕ್ಕೆ ಇದು ನಡೆಯಲ್ಲ. ಸಾಮಾನ್ಯ ಬಸ್ಸಲ್ಲಿ ಸುಮಾರು 260 ಕಿಲೋಮೀಟರ್ ಕೂಸನ್ನ ತೊಡೆ ಮೇಲೆ ಹಾಕ್ಕೊಂಡು ಬರೋದು ಅಕ್ಕನಿಗೆ ಬಿಟ್ಟಿ ಆಗಲ್ಲ, ಅವಳ ಬೆನ್ನು ಆ ಟಿಕೆಟ್ ಕಟ್ಟುತ್ತೆ. ಅದಕ್ಕೇ ನಾವು ರೈಲಿಗೆ ಹೋದ್ವಿ. ಎದ್ದು ಓಡಾಡಬಹುದು, ಡೈಪರ್ ಬದಲಾಯಿಸಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಸೀಟ್ ಕೇಳದಿದ್ರೆ ರೈಲಲ್ಲಿ ಟಿಕೆಟ್ ಇಲ್ಲ. ಬುಕ್ ಮಾಡೋವಾಗ ತಪ್ಪಿ ಸೀಟ್ ಆಯ್ಕೆ ಮಾಡಿದ್ರೆ ಪೂರ್ತಿ ದರ ಬೀಳುತ್ತೆ, ಜೋಪಾನ.

ಶಕ್ತಿಯನ್ನ ನಾವು ಬಳಸಿದ್ದು ಬೆಂಗಳೂರೊಳಗೆ. ಹಿಂದಿನ ದಿನವೇ ಬಂದು ವಿಜಯನಗರದ ಚಿಕ್ಕಮ್ಮನ ಮನೇಲಿ ಉಳ್ಕೊಂಡ್ವಿ. ಪ್ರಯಾಣ ಮಾಡಿದ ದಿನವೇ ಪಾರ್ಕಿಗೆ ಹೋಗ್ಬೇಡಿ, ಕೂಸಿಗೆ ಒಂದು ರಾತ್ರಿ ನೆಟ್ಟಗೆ ನಿದ್ದೆ ಬೇಕು. ಬೆಳಿಗ್ಗೆ ನೇರಳೆ ಮಾರ್ಗದ ಮೆಟ್ರೋ ಹಿಡಿದು ಕೆಂಗೇರಿ, ಅಲ್ಲಿಂದ ಬಿಡದಿ ಕಡೆಯ ಬಸ್. ಹೆಂಗಸರು ಆಧಾರ್ ತೋರಿಸಿದ್ರು, ಭಾವ ಮತ್ತು ಹುಡುಗ ಟಿಕೆಟ್ ತಗೊಂಡ್ರು.

ಹೋಗೋವಾಗ ಮೆಟ್ರೋ, ಬಸ್ಸು. ಬರೋವಾಗ ಕ್ಯಾಬ್. ಇದನ್ನ ಮೊದಲೇ ನಿರ್ಧಾರ ಮಾಡಿ, ಆ ದುಡ್ಡು ಬೇರೆ ತೆಗೆದಿಟ್ಟಿದ್ವಿ. ಬೆಳಿಗ್ಗೆ ಎಲ್ಲರಿಗೂ ಉತ್ಸಾಹ ಇರುತ್ತೆ, ಬಸ್ಸಲ್ಲಿ ನಿಂತರೂ ನಡೆಯುತ್ತೆ. ಸಂಜೆ ಒದ್ದೆ ಕೂದಲು, ಅಳೋ ಕೂಸು, ತೂಕಡಿಸೋ ಹುಡುಗ. "ಬಸ್ ಸಿಗಲ್ಲ, ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರೋಣ" ಅನ್ನೋ ಮಾತು ಬರಬಾರದು. ಯಾವ ಕ್ಷಣಕ್ಕೆ ಬೇಕಾದ್ರೂ ಹೊರಡೋಕೆ ಕೈಯಲ್ಲಿ ದುಡ್ಡಿರಬೇಕು. ಇಡೀ ಬಜೆಟ್‌ನಲ್ಲಿ ಕತ್ತರಿ ಹಾಕಬಾರದ ಸಾಲು ಇದೊಂದೇ.

ಹೊಟ್ಟೆ ಮತ್ತು ಬ್ಯಾಗು

ಇಂಥ ಪಾರ್ಕ್‌ಗಳಲ್ಲಿ ಹೊರಗಿನ ಊಟ ಬಿಡಲ್ಲ, ಆದ್ರೆ ಕೂಸಿನ ಆಹಾರಕ್ಕೆ ತೊಂದರೆ ಇಲ್ಲ. ದೊಡ್ಡವರು ಒಳಗೆ ಹೋಗೋ ಮುಂಚೆ ಹೊಟ್ಟೆ ತುಂಬ ತಿಂಡಿ ತಿನ್ನಿ. ಕಾರಲ್ಲಿ ಹೋಗೋರಾದ್ರೆ ಬಿಡದಿ ತಟ್ಟೆ ಇಡ್ಲಿ ಇದ್ದೇ ಇದೆ. ಒಳಗೆ ಮಧ್ಯಾಹ್ನ ಒಂದೇ ಸರಿಯಾದ ಊಟ ಮಾಡಿ. ದುಡ್ಡು ಸೋರೋದು ಊಟದಲ್ಲಲ್ಲ, ಅರ್ಧ ಗಂಟೆಗೊಮ್ಮೆ ತಗೊಳ್ಳೋ ಜ್ಯೂಸ್, ಐಸ್‌ಕ್ರೀಮ್, ಪಾಪ್‌ಕಾರ್ನ್‌ನಲ್ಲಿ. ನಾವು ಹುಡುಗನ ಕೈಗೇ 200 ರೂಪಾಯಿ ಕೊಟ್ವಿ. "ಇದು ನಿನ್ನ ದುಡ್ಡು, ಏನು ಬೇಕೋ ತಗೋ, ಮುಗಿದ್ರೆ ಮುಗೀತು." ಅವನು ಸಂಜೆ 80 ರೂಪಾಯಿ ಜೇಬಲ್ಲಿಟ್ಕೊಂಡು ಮನೆಗೆ ಬಂದ!

ಕೂಸಿಗೆ ರಾಗಿ ಸರಿ ಹಿಟ್ಟು ಡಬ್ಬೀಲಿ, ಬಿಸಿ ನೀರು ಫ್ಲಾಸ್ಕಲ್ಲಿ, ಎರಡು ಬಾಳೆಹಣ್ಣು. ಮಾಡಿಟ್ಟ ಸರಿ ಒಯ್ಯಬೇಡಿ, ಸೆಕೆಗೆ ಹುಳಿಯಾಗುತ್ತೆ. ಡೈಪರ್ ಎರಡೆರಡು ಗಂಟೆಗೆ ಒಂದು ಅಂತ ಲೆಕ್ಕ ಹಾಕಿ, ಮೇಲೆ ಮೂರು ಹೆಚ್ಚು. ತೆಳು ಹತ್ತಿ ಬಟ್ಟೆ ಮೂರು ಜೊತೆ, ಅಗಲ ಅಂಚಿನ ಟೋಪಿ, ಹಾಸೋಕೆ ಒಂದು ಹಳೇ ಸೀರೆ.

ದೊಡ್ಡವರು ನೀರಿಗೆ ಇಳಿಯೋದಾದ್ರೆ ನೈಲಾನ್ ಅಥವಾ ಲೈಕ್ರಾ ಬಟ್ಟೆ ಮನೆಯಿಂದಲೇ ತನ್ನಿ. ಹತ್ತಿ ಬಟ್ಟೆ, ಸೀರೆ, ಚೂಡಿದಾರ್‌ಗೆ ನೀರಿನ ಆಟದಲ್ಲಿ ಬಿಡಲ್ಲ. ಗೊತ್ತಿಲ್ಲದೆ ಹೋದ್ರೆ ಒಳಗೇ ದುಡ್ಡು ಕೊಟ್ಟು ತಗೋಬೇಕಾಗುತ್ತೆ. ಎಲ್ಲರಿಗೂ ಸೇರಿ ಒಂದೇ ಲಾಕರ್ ಸಾಕು.

ಪಾಳಿ ಹಾಕೋದು ಹೇಗೆ

ಇದು ಇವತ್ತಿನ ಮುಖ್ಯ ಭಾಗ. ಹೊರದೇಶದ ಡಿಸ್ನಿ ಪಾರ್ಕ್‌ಗಳಲ್ಲಿ "ರೈಡರ್ ಸ್ವಿಚ್" ಅಂತ ಒಂದು ವ್ಯವಸ್ಥೆ ಇದೆ. ಒಬ್ಬರು ರೈಡ್ ಮುಗಿಸಿ ಬಂದು ಕೂಸನ್ನ ತಗೋತಾರೆ, ಇನ್ನೊಬ್ಬರು ಮತ್ತೆ ಪೂರ್ತಿ ಸಾಲು ನಿಲ್ಲದೆ ಹತ್ತಬಹುದು. ನಮ್ಮಲ್ಲಿ ರೈಡ್ ಹತ್ರ ಇರೋ ಸಿಬ್ಬಂದಿಯನ್ನ ಕೇಳಿ ನೋಡಿ. ಸಿಕ್ಕರೆ ಒಳ್ಳೇದು, ಸಿಗದಿದ್ರೆ ಪಾಳಿಯನ್ನ ನಾವೇ ಮಾಡ್ಕೊಳ್ಳೋದು.

ನಾವು ಹಿಂದಿನ ರಾತ್ರಿ ಚಿಕ್ಕಮ್ಮನ ಮನೇಲಿ ಕೂತು ಹಾಳೆ ಮೇಲೆ ಬರೆದ್ವಿ. ನಾನು ಮೊದಲು ಬರೆದಿದ್ದು ಹೀಗೆ: ಅಮ್ಮ ಇಡೀ ದಿನ ಕೂಸಿನ ಜೊತೆ, ಉಳಿದವರೆಲ್ಲ ಆಟ. ಅಮ್ಮ ಹಾಳೆ ನೋಡಿ ಹೇಳಿದಳು:

"ಅಲ್ಲ ಕಣೇ, ನನಗೂ ಟಿಕೆಟ್ ತಗೊಂಡಿದ್ದೀಯ ತಾನೆ?"

"ಹೌದಮ್ಮ, ಆದ್ರೆ ನೀನು ಇವನ್ನೆಲ್ಲ ಹತ್ತಲ್ಲ ಅಂತ..."

"ನನ್ನ ಕೇಳಿದ್ಯಾ?"

ನಿಜ ಹೇಳ್ಬೇಕಂದ್ರೆ ಕೇಳಿರಲಿಲ್ಲ. ಅಮ್ಮನಿಗೆ ಬಿಪಿ ಇದೆ, ಜೋರಾಗಿ ತಿರುಗೋ ರೈಡ್ ಆಗಲ್ಲ. ಆದ್ರೆ ಮೇಲೆ ನಿಧಾನವಾಗಿ ಹೋಗೋ ದೊಡ್ಡ ಚಕ್ರ ಹತ್ತಬೇಕು ಅಂತ ಅವಳಿಗೆ ಆಸೆ ಇತ್ತು. ನಿಮ್ಮನೆ ಅಜ್ಜಿಯರನ್ನೂ ಕೇಳಿ. ಬೇಡ ಅಂದ್ರೆ ಅವರಿಗೆ ಟಿಕೆಟ್ ಯಾಕೆ, ನೆಂಟರ ಮನೇಲಿ ಆರಾಮಾಗಿರಲಿ. ಬೇಕು ಅಂದ್ರೆ ಅವರ ಹೆಸರೂ ಪಾಳೀಲಿ ಬರಲಿ. ಹಿರಿಯ ನಾಗರಿಕರ ದರ ಬೇರೆ ಇದ್ಯಾ ಅಂತಲೂ ನೋಡಿ, ವಯಸ್ಸಿನ ದಾಖಲೆ ಒಯ್ಯಿರಿ.

ಹೊಸ ಪಾಳಿ ಹೀಗಾಯ್ತು. ಬಾಗಿಲು ತೆಗೆದ ಮೊದಲ ಎರಡು ಗಂಟೆ ಅಕ್ಕ ಮತ್ತು ಹುಡುಗ ಆಟಕ್ಕೆ, ಕೂಸು ಭಾವನ ಹತ್ರ. ತಾಯಿಗೆ ಮೊದಲ ಪಾಳಿ ಕೊಡೋಕೆ ಕಾರಣ ಇದೆ. ಬೆಳಿಗ್ಗೆ ಕೂಸಿನ ಹೊಟ್ಟೆ ತುಂಬಿರುತ್ತೆ, ನಿದ್ದೆ ಆಗಿರುತ್ತೆ, ಅಪ್ಪನ ಹತ್ರ ಇರುತ್ತೆ. ಮಧ್ಯಾಹ್ನದ ಮೇಲೆ ಕಿರಿಕಿರಿ ಶುರುವಾದ್ರೆ ಅಮ್ಮನೇ ಬೇಕು, ಆಗ "ನಿನ್ನ ಪಾಳಿ" ಅಂದ್ರೂ ಅವಳಿಗೆ ಹೋಗೋಕಾಗಲ್ಲ. ಇನ್ನೊಂದು ಮಾತು, ಸಿಸೇರಿಯನ್ ಆಗಿದ್ರೆ ಜೋರಿನ ರೈಡ್ ಹತ್ತಬಹುದಾ ಅಂತ ಡಾಕ್ಟರನ್ನ ಕೇಳ್ಕೊಂಡೇ ಬನ್ನಿ.

ಅದಾದ ಮೇಲೆ ಎಲ್ಲರೂ ಸೇರಿ ಊಟ, ಬಿಸಿಲು ಇಳಿಯೋವರೆಗೆ ಕೂಸಿಗೆ ನೆರಳಲ್ಲಿ ನಿದ್ದೆ, ಅಕ್ಕ ಅಮ್ಮ ಇಬ್ಬರೂ ಪಕ್ಕದಲ್ಲಿ. ಆಗ ಭಾವ, ಹುಡುಗ, ನಾನು ನೀರಿಗೆ. ಕೊನೇ ಒಂದು ಗಂಟೆ ಕೂಸು ನನ್ನ ಹತ್ರ, ಅಮ್ಮ ಅಕ್ಕ ಒಟ್ಟಿಗೆ ದೊಡ್ಡ ಚಕ್ರ. ಪ್ರತಿ ಪಾಳಿಗೂ ಫೋನಲ್ಲಿ ಅಲಾರಾಂ. ಅಲಾರಾಂ ಹೊಡೆದ್ರೆ ಸಾಲಲ್ಲಿ ಮುಂದೆ ಒಬ್ಬರೇ ಇದ್ರೂ ವಾಪಸ್ ಬರಬೇಕು. "ಇನ್ನೊಂದೇ ಒಂದು" ಅನ್ನೋ ಮಾತಿಗೆ ನಮ್ಮಲ್ಲಿ ದಂಡ 50 ರೂಪಾಯಿ. ಭಾವ ಒಂದ್ಸಲ ಕಟ್ಟಿದ್ರು.

ಕೂಸಿನ ಮೀಟರ್

ಕೂಸನ್ನ ಯಾವ ರೈಡಿಗೂ ಹತ್ತಿಸ್ಬೇಡಿ, ಕತ್ತಿನ ಸ್ನಾಯು ಇನ್ನೂ ಗಟ್ಟಿಯಾಗಿರಲ್ಲ. ಫೋಟೋಗೋಸ್ಕರ ಅಲೆ ಬರೋ ಕೊಳಕ್ಕೆ ಇಳಿಸ್ಬೇಡಿ. ಅಲ್ಲಿ ನೂಕುನುಗ್ಗಲು, ಕಿವಿಗಡಚಿಕ್ಕೋ ಹಾಡು, ಕೂಸು ನೀರು ಕುಡಿಯೋ ಭಯ. ಸ್ಪೀಕರ್‌ಗಳಿಂದ ದೂರದ ನೆರಳಲ್ಲಿ ಬೀಡು ಬಿಡಿ. ಸ್ಟ್ರೋಲರ್ ಮೇಲೆ ದಪ್ಪ ಬಟ್ಟೆ ಮುಚ್ಚಿದ್ರೆ ಒಳಗೆ ಗಾಳಿ ಆಡದೆ ಇನ್ನೂ ಕಾಯುತ್ತೆ, ಅದೂ ಬೇಡ.

ಎದೆ ಹಾಲು ಕುಡಿಯೋ ಕೂಸಿಗೆ ಸೆಕೆಯಲ್ಲಿ ಹೆಚ್ಚು ಸಲ ಹಾಲು ಬೇಕು, ತಾಯಿಗೂ ಹೆಚ್ಚು ನೀರು ಬೇಕು. ಡೈಪರ್ ಬದಲಾಯಿಸಿದಾಗಲೆಲ್ಲ ಮನೆ ವಾಟ್ಸಾಪ್ ಗುಂಪಿಗೆ ಒಂದು ಚುಕ್ಕೆ ಹಾಕಿ, ಸಮಯ ಗೊತ್ತಾಗುತ್ತೆ. ಆರು ಗಂಟೆ ಮೂತ್ರ ಆಗಿಲ್ಲ, ಅತ್ತರೆ ಕಣ್ಣೀರಿಲ್ಲ, ನೆತ್ತಿ ಕುಳಿ ಬಿದ್ದಿದೆ, ಎಬ್ಬಿಸಿದ್ರೂ ಮಂಪರು, ಹಾಲು ಬೇಡ ಅಂತಿದೆ, ಇವುಗಳಲ್ಲಿ ಯಾವುದು ಕಂಡ್ರೂ ಪಾರ್ಕಿನ ಪ್ರಥಮ ಚಿಕಿತ್ಸೆ ಕೊಠಡಿಗೆ ಹೋಗಿ, ಅಲ್ಲಿಂದ ಡಾಕ್ಟರ್ ಹತ್ರ. ರೈಡ್ ಲೆಕ್ಕ ಅಲ್ಲಿಗೆ ಮುಗೀತು.

ಕೊನೆಗೆ ಲೆಕ್ಕ

ಆ ಬುಧವಾರ ನಾವು ನಾಲ್ಕೂ ಮುಕ್ಕಾಲಿಗೇ ಹೊರಟ್ವಿ. ಪಾರ್ಕ್ ಇನ್ನೂ ತೆರೆದೇ ಇತ್ತು, ಹುಡುಗ ಗೇಟ್ ಹತ್ರ ಸ್ವಲ್ಪ ಅತ್ತ. ಅಕ್ಕ ಹತ್ತಿದ್ದು ಆರು ರೈಡ್, ಭಾವ ಐದು, ನಾನು ನಾಲ್ಕು, ಅಮ್ಮ ಎರಡು. ಮೊದಲ ಸಲಕ್ಕಿಂತ ಭಾವನಿಗೆ ನಾಲ್ಕು ಕಮ್ಮಿ, ಅಕ್ಕನಿಗೆ ಐದು ಜಾಸ್ತಿ. ಕ್ಯಾಬ್ ದುಡ್ಡು ಸೇರಿಸಿದ್ರೂ ಒಟ್ಟು ಖರ್ಚು ಭಾನುವಾರದ ಟ್ರಿಪ್‌ಗಿಂತ ಕಮ್ಮಿನೇ ಬಂತು.

ಕ್ಯಾಬಲ್ಲಿ ಕೂಸು ಅಪ್ಪನ ಹೆಗಲ ಮೇಲೆ ನಿದ್ದೆ. ಅಕ್ಕನ ಕೂದಲು ಕೆದರಿ ಹೋಗಿತ್ತು, ಕೂಗಿ ಕೂಗಿ ಗಂಟಲು ಕಟ್ಟಿತ್ತು. "ಇವಳು ಹುಟ್ಟಿದ ಮೇಲೆ ಇಷ್ಟು ಜೋರಾಗಿ ಕೂಗಿದ್ದು ಇವತ್ತೇ ಕಣೆ" ಅಂದಳು. ಅಮ್ಮ ಮಾತ್ರ ಕಿಟಕಿ ಕಡೆ ನೋಡ್ತಾ, "ಮುಂದಿನ ಸಲ ಆ ಚಕ್ರ ಎರಡು ಸುತ್ತು ಹತ್ತೋಣ" ಅಂದಳು.

ನೀವು ಹೋಗೋದಾದ್ರೆ ಟಿಕೆಟ್ ಬುಕ್ ಮಾಡೋ ಮುಂಚೆ ಎರಡು ಕೆಲಸ ಮಾಡಿ. ಕೂಸಿಗೆ ಜ್ವರ ಬಂದ್ರೆ ದಿನ ಬದಲಾಯಿಸೋಕೆ ಆಗುತ್ತಾ ಅಂತ ಷರತ್ತು ಓದಿ. ಆಮೇಲೆ ಒಂದು ಹಾಳೆ ತಗೊಂಡು ಮನೆಯವರ ಹೆಸರು ಬರೆದು, ಪಾಳಿ ಹಾಕಿ. ಮೊದಲ ಹೆಸರು ಕೂಸಿನ ತಾಯಿದ್ದಿರಲಿ.

ನಿಮ್ಮನೆ ಲೆಕ್ಕ ಹೇಗೆ ಬಂತು, ವಾಯ್ಸ್ ನೋಟ್ ಕಳಿಸಿ.